19ನೇ ವಾರ: ಶವಾಸನ ಅಂಗಾತ ಮಲಗಿ ಮಾಡಬಹುದಾ? ಬಸಿರಿನಲ್ಲಿ ಯಾವ ಆಸನ ಬಿಡಬೇಕು, ಯಾವುದು ಬದಲಾಗಬೇಕು?

ಹೊಸಚಾಪೆ ಕೇಳಿದ್ದು:

ಮೊದಲ ಬಸಿರು, ಈಗ 19 ವಾರ. ಸ್ಕ್ಯಾನ್, ಬಿ.ಪಿ. ಎರಡೂ ಸರಿ ಇವೆ, ವ್ಯಾಯಾಮಕ್ಕೆ ಡಾಕ್ಟರ್ ಒಪ್ಪಿದ್ದಾರೆ. ಮುಂಚಿನಿಂದ ಇರುವ ಅಭ್ಯಾಸ ದಿನಕ್ಕೆ ಮುಕ್ಕಾಲು ಗಂಟೆ: ಸೂರ್ಯನಮಸ್ಕಾರ, ನಿಂತು ಮಾಡುವ ಆಸನಗಳು, ಕಪಾಲಭಾತಿ, ನಾಡಿಶೋಧನ, ಕೊನೆಗೆ 10 ನಿಮಿಷ ಶವಾಸನ.

ಇದರಲ್ಲಿ ಯಾವುದನ್ನು ಪೂರ್ತಿ ಬಿಡಬೇಕು, ಯಾವುದನ್ನು ಬದಲಾಯಿಸಿ ಮಾಡಬಹುದು? ಅಂಗಾತ ಮಲಗಲೇಬಾರದು ಅಂತ ಕೆಲವರು, ಏನೂ ಆಗಲ್ಲ ಅಂತ ಕೆಲವರು ಹೇಳುತ್ತಾರೆ. ನಿಜವಾದ ಕಾರಣ ಏನು? ಇನ್ನೊಂದು, ವೀರಭದ್ರಾಸನದಿಂದ ಎದ್ದು ಕಾಲು ಕೂಡಿಸುವಾಗ ಹೊಟ್ಟೆಯ ಕೆಳಗೆ, ಮುಂದಿನ ಮೂಳೆಯ ನಟ್ಟನಡುವೆ ಚುಚ್ಚಿದ ಹಾಗೆ ಆಗುತ್ತದೆ. ಇದನ್ನು ಸಹಿಸಿಕೊಂಡು ಮುಂದುವರಿಸಬಹುದಾ?

---

ಗೋಡೆಯಾಸರೆ ಉತ್ತರ:

ಶವಾಸನದಿಂದಲೇ ಶುರು ಮಾಡೋಣ. ಬೆನ್ನುಮೂಳೆಯ ಬಲಮಗ್ಗುಲಿಗೆ ಅಂಟಿಕೊಂಡಂತೆ ಒಂದು ದೊಡ್ಡ ರಕ್ತನಾಳ ಇದೆ. ಕಾಲು ಮತ್ತು ಸೊಂಟದ ರಕ್ತ ಹೃದಯಕ್ಕೆ ಮರಳುವುದು ಅದರಲ್ಲೇ. ಸುಮಾರು 20 ವಾರದ ನಂತರ ಗರ್ಭಕೋಶದ ಭಾರ ಅಂಗಾತ ಮಲಗಿದಾಗ ಅದರ ಮೇಲೆ ಬೀಳುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಬಿ.ಪಿ. ಇಳಿಯುತ್ತದೆ, ಬೆವರು, ವಾಕರಿಕೆ, ತಲೆಸುತ್ತು ಬರುತ್ತದೆ, ಮಗುವಿಗೆ ಹೋಗುವ ರಕ್ತವೂ ತಗ್ಗಬಹುದು. ಒಂದೆರಡು ನಿಮಿಷ ಅಂಗಾತ ಇದ್ದರೆ ಗಾಬರಿ ಬೀಳಬೇಕಾಗಿಲ್ಲ, ಆದರೆ 10 ನಿಮಿಷದ ಶವಾಸನಕ್ಕೆ ಅದು ಭಂಗಿ ಅಲ್ಲ. ನೀವು 19ರಲ್ಲಿದ್ದೀರಿ, ಈಗಲೇ ಮಗ್ಗುಲಿಗೆ ಬದಲಾಯಿಸಿ.

ಎಡಮಗ್ಗುಲಿಗೆ ಮಲಗಿ. ತಲೆಯ ಕೆಳಗೆ ಒಂದು ದಿಂಬು, ಕತ್ತು ಬೆನ್ನಿನ ನೇರಕ್ಕೆ ಬರುವಷ್ಟು ಎತ್ತರ ಇರಲಿ. ಎರಡು ಕಾಲಿನ ನಡುವೆ ಇಡುವ ದಿಂಬಿನಲ್ಲೇ ಹೆಚ್ಚಿನವರು ತಪ್ಪುವುದು: ಮಂಡಿಯ ನಡುವೆ ಮಾತ್ರ ಇಟ್ಟು ಪಾದವನ್ನು ಕೆಳಗೆ ಜೋಲಲು ಬಿಡುತ್ತಾರೆ. ಆಗ ಮೇಲಿನ ತೊಡೆ ಒಳಕ್ಕೆ ತಿರುಗಿ ಸೊಂಟ ಎಳೆಯುತ್ತದೆ. ದಿಂಬು ಮಂಡಿಯಿಂದ ಹಿಮ್ಮಡಿಯವರೆಗೂ ಇರಬೇಕು. ಹೊಟ್ಟೆಯ ಕೆಳಗೆ ಮಡಚಿದ ಟವೆಲ್, ಮೇಲಿನ ಕೈಗೆ ತಬ್ಬಿಕೊಳ್ಳಲು ಇನ್ನೊಂದು ದಿಂಬು. ಎಡಮಗ್ಗುಲು ನೋಯುತ್ತಿದ್ದರೆ ಬಲಕ್ಕೆ ಮಲಗಿ, ಅಪಾಯವೇನಿಲ್ಲ.

ಸೂರ್ಯನಮಸ್ಕಾರ ಬಿಡಬೇಕಾಗಿಲ್ಲ, ಹಳೆಯ ಆಕಾರದಲ್ಲಿ ಮಾಡುವಂತಿಲ್ಲ ಅಷ್ಟೆ. ಪಾದಗಳನ್ನು ಸೊಂಟದಷ್ಟು ಅಗಲಿಸಿ ನಿಲ್ಲಿ. ಮುಂದೆ ಬಾಗುವಾಗ ಕೈಯನ್ನು ನೆಲಕ್ಕಲ್ಲ, ಯೋಗ ಬ್ರಿಕ್ ಅಥವಾ ಕುರ್ಚಿಯ ಮೇಲೆ ಊರಿ. ಕಾಲನ್ನು ಹಾರಿಸದೆ ಒಂದೊಂದಾಗಿ ಹಿಂದಿಡಿ. ಮುಂದೆ ತರುವಾಗ ಪಾದ ಎರಡು ಕೈಗಳ ನಡುವೆ ಬಾರದೆ ಕೈಯ ಹೊರಮಗ್ಗುಲಿಗೆ ಬರಲಿ, ಹೊಟ್ಟೆಗೆ ಜಾಗ ಸಿಗುತ್ತದೆ. ಅಷ್ಟಾಂಗ ನಮಸ್ಕಾರ ಮತ್ತು ಭುಜಂಗಾಸನದ ಜಾಗದಲ್ಲಿ ಮಂಡಿಯೂರಿ ಮಾರ್ಜಾಲಾಸನ. ಮೇಲೆ ಏಳುವಾಗ ತಲೆ ಎಲ್ಲಕ್ಕಿಂತ ಕೊನೆಗೆ. ಬಸಿರಿನ ನಡುವಿನ ತಿಂಗಳುಗಳಲ್ಲಿ ಬಿ.ಪಿ. ಸ್ವಲ್ಪ ಕೆಳಗೇ ಇರುತ್ತದೆ, ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ನಿಧಾನವಾಗಿ 4 ಸುತ್ತು ಸಾಕು.

ಪೂರ್ತಿ ಬಿಡಬೇಕಾದವು: ಹೊಟ್ಟೆ ಅಡಿಯಾಗಿ ಮಲಗುವ ಧನುರಾಸನ ಮತ್ತು ಶಲಭಾಸನ, ಹೊಟ್ಟೆಯ ಸ್ನಾಯು ಬಿಗಿಯುವ ನೌಕಾಸನ, ಆಳವಾದ ಹಿಂಬಾಗು, ತೊಡೆಯನ್ನು ಹೊಟ್ಟೆಗೆ ಒತ್ತಿ ತಿರುಗುವ ಅರ್ಧ ಮತ್ಸ್ಯೇಂದ್ರಾಸನ. ತಿರುಚುವ ಆಸನ ಬೇಕೇ ಬೇಕು ಅನ್ನಿಸಿದರೆ ಚಕ್ಕಳಮಕ್ಕಳ ಕುಳಿತು ಎದೆ, ಭುಜ ಮಾತ್ರ ತಿರುಗಿಸಿ, ಹೊಕ್ಕುಳು ಮುಂದಕ್ಕೇ ನೋಡುತ್ತಿರಲಿ. ಶೀರ್ಷಾಸನ ಎಷ್ಟೇ ಪಳಗಿದ್ದರೂ ಈಗ ಬೇಡ. ದೇಹದ ತೂಕದ ನಡುಬಿಂದು ವಾರವಾರಕ್ಕೂ ಸರಿಯುತ್ತಿರುತ್ತದೆ, ಬಿದ್ದರೆ ಪೆಟ್ಟು ಹೊಟ್ಟೆಗೆ.

ಮಾರ್ಜಾಲಾಸನ ಕೊನೆಯ ವಾರದವರೆಗೂ ಜೊತೆಗೆ ಬರುವ ಆಸನ, ಅದಕ್ಕೆ ಸಮಯ ಕೊಡಿ. ಮಂಡಿ ಸೊಂಟದ ಕೆಳಗೆ, ಅಂಗೈ ಭುಜದ ಕೆಳಗೆ. ಉಸಿರು ಬಿಡುತ್ತಾ ಬೆನ್ನು ಮೇಲಕ್ಕೆ ಗುಂಡಗೆ, ಎಳೆದುಕೊಳ್ಳುತ್ತಾ ಬೆನ್ನು ಮೇಜಿನಂತೆ ಸಮ ಆಗುವವರೆಗೆ ಮಾತ್ರ. ಅಲ್ಲಿಂದ ಕೆಳಕ್ಕೆ ಜೋಲಬೇಡಿ. ಹೊಟ್ಟೆಯ ಭಾರಕ್ಕೆ ಸೊಂಟದ ಗುಳಿ ಆಗಲೇ ಹೆಚ್ಚಿರುತ್ತದೆ, ಇನ್ನೂ ಬಗ್ಗಿಸಿದರೆ ರಾತ್ರಿ ಸೊಂಟ ಹಿಡಿದುಕೊಳ್ಳುತ್ತದೆ. 8ರಿಂದ 10 ಸಲ.

ಮುಂಚಿನಿಂದ ಅಭ್ಯಾಸ ಇರುವವರಿಗೆ ಒಂದು ಎಚ್ಚರಿಕೆ. ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳಿಂದ ಕೀಲು ಹಿಡಿದಿಡುವ ಕಟ್ಟುಗಳು ಸಡಿಲಾಗುತ್ತವೆ. ಹಿಂದೆ ಬಗ್ಗದ ಕಡೆ ಈಗ ಸಲೀಸಾಗಿ ಬಗ್ಗಿದರೆ ಅಭ್ಯಾಸ ಫಲಿಸಿತು ಎಂದುಕೊಳ್ಳಬೇಡಿ, ಅದು ಸ್ನಾಯುವಿನ ಹಿಗ್ಗಲ್ಲ, ಕೀಲಿನ ಸಡಿಲ. ನಿಮ್ಮ ಹಳೆಯ ಮಿತಿಗಿಂತ ಸ್ವಲ್ಪ ಮುಂಚೆಯೇ ನಿಲ್ಲಿ.

---

ಸೊಂಟಸಂದು ಉತ್ತರ:

ಮೂಳೆಯ ನಡುವಿನ ಚುಚ್ಚಿಗೆ ಬರುತ್ತೇನೆ. ಸಹಿಸಿಕೊಂಡು ಮುಂದುವರಿಸಬೇಡಿ.

ಸೊಂಟದ ಎರಡು ಮೂಳೆ ಮುಂದೆ ಸೇರುವಲ್ಲಿ ಒಂದು ಕೀಲಿದೆ. ಸಾಮಾನ್ಯವಾಗಿ ಅಲ್ಲಿನ ಅಂತರ 4ರಿಂದ 5 ಮಿ.ಮೀ., ಬಸಿರಿನಲ್ಲಿ ಇನ್ನೂ 2–3 ಮಿ.ಮೀ. ಅಗಲವಾಗುತ್ತದೆ. ಅಗಲವಾಗುವುದು ಸಹಜ; ಆದರೆ ಒಂದು ಕಾಲಿಗೆ ಹೆಚ್ಚು ಭಾರ, ಇನ್ನೊಂದಕ್ಕೆ ಕಡಿಮೆ ಬಿದ್ದಾಗ ಆ ಕೀಲು ಕತ್ತರಿಯ ಹಾಗೆ ಅತ್ತಿತ್ತ ಸರಿಯುತ್ತದೆ, ನೋವು ಬರುವುದು ಅಲ್ಲಿ. ವೀರಭದ್ರಾಸನದಲ್ಲಿ ಕಾಲು ಅಗಲ, ಭಾರ ಅಸಮ. ಎದ್ದು ಕಾಲು ಎಳೆದುಕೊಳ್ಳುವ ಕ್ಷಣದಲ್ಲಿ ಒಂದೇ ಕಾಲಿನ ಮೇಲೆ ನಿಂತಿರುತ್ತೀರಿ.

ನೋವು ಇರುವಷ್ಟು ದಿನ ವೀರಭದ್ರಾಸನ, ತ್ರಿಕೋನಾಸನ, ವೃಕ್ಷಾಸನ, ಉಪವಿಷ್ಟ ಕೋನಾಸನ, ಮಾಲಾಸನ ಬದಿಗಿಡಿ. ಬದ್ಧಕೋನಾಸನ ಬೇಕಿದ್ದರೆ ಎರಡೂ ಮಂಡಿಯ ಕೆಳಗೆ ದಿಂಬು ಕೊಟ್ಟು ಮಾಡಿ, ಮಂಡಿಯನ್ನು ಕೈಯಿಂದ ಕೆಳಕ್ಕೆ ಒತ್ತುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಅದರ ಬದಲು ಎರಡು ಕಾಲಿಗೂ ಸಮಭಾರ ಬೀಳುವಂಥವು: ಗೋಡೆಗೆ ಬೆನ್ನು ಕೊಟ್ಟು ತಾಡಾಸನ, ಗೋಡೆಗೆ ಜಾರಿ ಅರ್ಧ ಉತ್ಕಟಾಸನ (ತೊಡೆ ನೆಲಕ್ಕೆ ಸಮ ಆಗುವವರೆಗೆ ಇಳಿಯಬೇಡಿ). ಕುರ್ಚಿಯ ಮೇಲೆ ಕುಳಿತು ಮಂಡಿಗಳ ನಡುವೆ ಮೆತ್ತನೆ ದಿಂಬು ಹಿಡಿದು ಉಸಿರು ಬಿಡುತ್ತಾ 5 ಸೆಕೆಂಡ್ ಹಗುರಾಗಿ ಒತ್ತಿ, ಬಿಡಿ, 10 ಸಲ. ಒತ್ತಿದಾಗಲೇ ನೋವಾದರೆ ಅದೂ ಬೇಡ.

ಚಾಪೆಯ ಮೇಲೆ ಮುಕ್ಕಾಲು ಗಂಟೆ ಜಾಗ್ರತೆ ವಹಿಸಿ ಉಳಿದ ಹೊತ್ತು ಮರೆತರೆ ಈ ನೋವು ಹೋಗುವುದಿಲ್ಲ. ಹಾಸಿಗೆಯಲ್ಲಿ ಹೊರಳುವಾಗ ಮಂಡಿ ಎರಡೂ ಜೋಡಿಸಿಕೊಂಡು ಹೊರಳಿ. ಬಟ್ಟೆಗೆ ಕಾಲು ತೂರಿಸುವುದು ಕುಳಿತೇ ಆಗಲಿ. ಮೆಟ್ಟಿಲನ್ನು ಒಂದೊಂದಕ್ಕೂ ಎರಡೂ ಪಾದ ಇಟ್ಟು ಹತ್ತಿ. ಎರಡು ವಾರ ಹೀಗಿದ್ದೂ ಕಡಿಮೆಯಾಗದಿದ್ದರೆ, ಅಥವಾ ನಡೆಯುವಾಗಲೂ ನೋವು ಬಂದರೆ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಸೊಂಟದ ಬೆಲ್ಟ್ ಬೇಕೋ ಬೇಡವೋ ಅವರು ನೋಡಿ ಹೇಳಲಿ.

ಇದನ್ನೂ ತೊಡೆಸಂದಿನ ಇನ್ನೊಂದು ನೋವನ್ನೂ ಬೆರೆಸಬೇಡಿ. ಸೀನಿದಾಗ, ತಟ್ಟನೆ ತಿರುಗಿದಾಗ ಹೊಟ್ಟೆಯ ಒಂದು ಮಗ್ಗುಲಿನಲ್ಲಿ ಚಳಕ್ ಎಂದು ಹೊಡೆದು ಕೆಲವೇ ಸೆಕೆಂಡಿನಲ್ಲಿ ಹೋಗುವುದು ಗರ್ಭಕೋಶವನ್ನು ಹಿಡಿದಿರುವ ಕಟ್ಟು ಎಳೆಯುವುದರಿಂದ. ಅದಕ್ಕೆ ನಿಧಾನವಾಗಿ ತಿರುಗುವುದೇ ಮದ್ದು.

---

ಹೊಸಚಾಪೆ:

ತುಂಬ ಉಪಕಾರವಾಯಿತು. ದಿಂಬಿನ ತಪ್ಪು ಈಗ ಅರ್ಥವಾಯಿತು. ಕಪಾಲಭಾತಿ ಬಗ್ಗೆ ಯಾರೂ ಹೇಳಲಿಲ್ಲ. ನಿಧಾನವಾಗಿ ಮಾಡಿದರೂ ಬೇಡವೇ? ಮತ್ತೆ, ಯೋಗದಿಂದ ಮಗುವಿಗೆ ನಿಜವಾಗಿ ಸಿಗುವುದೇನು?

---

ನಿಧಾನಉಸಿರು ಉತ್ತರ:

ಕಪಾಲಭಾತಿ ಬೇಡ, ನಿಧಾನವಾಗಿಯೂ ಬೇಡ. ಪ್ರತಿ ಹೊಡೆತಕ್ಕೂ ಹೊಟ್ಟೆಯ ಸ್ನಾಯು ರಭಸದಿಂದ ಒಳಸೇರುತ್ತದೆ, ಆ ಒತ್ತಡ ಕೆಳಗಿನ ಸೊಂಟದ ತಳದ ಮೇಲೆ ಬೀಳುತ್ತದೆ. ಜೊತೆಗೆ ಬಸಿರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಉಸಿರಾಟವನ್ನು ತಾನಾಗಿಯೇ ಹೆಚ್ಚಿಸಿರುತ್ತದೆ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಆಗಲೇ ತಗ್ಗಿರುತ್ತದೆ. ಅದರ ಮೇಲೆ ಇನ್ನಷ್ಟು ಊದಿ ಹೊರಹಾಕಿದರೆ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಭಸ್ತ್ರಿಕಾ, ಉಡ್ಡೀಯಾನ ಬಂಧ, ನೌಲಿಗೂ ಇದೇ ಮಾತು.

ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಅದೂ ಬೇಡ; ಕಾರಣ ಬೇರೆ. ಆಮ್ಲಜನಕದ ಬೇಡಿಕೆ ಸುಮಾರು 20 ಶೇಕಡಾ ಏರಿರುತ್ತದೆ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ದಾಸ್ತಾನು ಹೆಚ್ಚುಕಡಿಮೆ ಅಷ್ಟೇ ಇಳಿದಿರುತ್ತದೆ. ಖರ್ಚು ಹೆಚ್ಚು, ಉಳಿತಾಯ ಕಡಿಮೆ. ಉಸಿರು ಕಟ್ಟಿದರೆ ಆಮ್ಲಜನಕ ಬೇಗ ಕುಸಿಯುತ್ತದೆ.

ನಾಡಿಶೋಧನ ಕುಂಭಕವಿಲ್ಲದೆ ಮಾಡಿ: 4 ಎಣಿಕೆಗೆ ಒಳಗೆ, 6 ಎಣಿಕೆಗೆ ಹೊರಗೆ, 5 ನಿಮಿಷ. ಬಸಿರಿನಲ್ಲಿ ಮೂಗು ಕಟ್ಟುವುದು ಬಹಳ ಸಾಮಾನ್ಯ. ಒಂದು ಹೊಳ್ಳೆ ಕಟ್ಟಿದ್ದರೆ ಬಲವಂತ ಮಾಡದೆ ಆ ದಿನ ಭ್ರಾಮರಿ (ದುಂಬಿಯಂತೆ ಗುಂಯ್ ಎನ್ನುತ್ತಾ ಉಸಿರು ಬಿಡುವುದು) ಮಾಡಿ, 5ರಿಂದ 7 ಸಲ. ಭ್ರಾಮರಿಯನ್ನು ಚೆನ್ನಾಗಿ ರೂಢಿಸಿಕೊಳ್ಳಿ ಎಂದು ವಿಶೇಷವಾಗಿ ಹೇಳುತ್ತೇನೆ. ಹೆರಿಗೆ ನೋವಿನಲ್ಲಿ ಎಣಿಸಲು ಮನಸ್ಸು ಬರುವುದಿಲ್ಲ, ಆದರೆ ತಗ್ಗು ದನಿಯಲ್ಲಿ ಗುಂಯ್ ಎನ್ನುತ್ತಾ ಉಸಿರು ಬಿಡುವುದು ಅಭ್ಯಾಸವಿದ್ದರೆ ತಾನೇ ಬರುತ್ತದೆ, ದವಡೆ ಬಿಗಿಯುವುದೂ ಕಡಿಮೆ.

ಮಗುವಿಗೆ ಏನು ಸಿಗುತ್ತದೆ ಎಂಬುದಕ್ಕೆ ನೇರ ಉತ್ತರ: ಹೆಚ್ಚಿನ ಲಾಭ ತಾಯಿಯ ಮೂಲಕ. ಆತಂಕ ತಗ್ಗುವುದು, ಖಿನ್ನತೆಯ ಲಕ್ಷಣ ಕಡಿಮೆಯಾಗುವುದು ಯೋಗದ ಅಧ್ಯಯನಗಳಲ್ಲಿ ಕಂಡಿದೆ. ನಿಯಮಿತ ವ್ಯಾಯಾಮದಿಂದ ಬಸಿರಿನ ಸಕ್ಕರೆ ಕಾಯಿಲೆ, ಬಿ.ಪಿ. ಏರುವ ಸಂಭವ ಕಡಿಮೆ. ಯೋಗದಿಂದ ಮಗು ಬುದ್ಧಿವಂತವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಆ ಭಾರವನ್ನು ಯಾವ ತಾಯಿಯ ಮೇಲೂ ಹೊರಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಗರ್ಭಿಣಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳುತ್ತದೆ. ನಿಧಾನದ ಆಸನಗಳಿಂದ ಮಾತ್ರ ಅಷ್ಟು ಶ್ರಮ ಆಗುವುದಿಲ್ಲ, ಹಾಗಾಗಿ ನಡಿಗೆ ಸೇರಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟು ವೇಗ ಸಾಕು.

ಇಲ್ಲಿ ಬೇರೆಯವರೂ ಓದುತ್ತಿರಬಹುದು, ಅದಕ್ಕೇ ಇದು. ಮಾಸು ಗರ್ಭಕಂಠವನ್ನು ಮುಚ್ಚಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದ್ದರೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರೆ, ರಕ್ತಸ್ರಾವ ಆಗುತ್ತಿದ್ದರೆ, ಬಸಿರಿನ ಬಿ.ಪಿ., ತೀವ್ರ ರಕ್ತಹೀನತೆ ಅಥವಾ ಹೃದಯದ ತೊಂದರೆ ಇದ್ದರೆ ಈ ಪುಟ ನೋಡಿ ಶುರು ಮಾಡಬೇಡಿ, ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ. ಅಭ್ಯಾಸದ ನಡುವೆ ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಕ್ರಮವಾಗಿ ಬಿಗಿದು ನೋಯುತ್ತಿದ್ದರೆ, ಎದೆ ನೋವು ಬಂದರೆ, ಜೋರಾದ ತಲೆನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ. ಮಗುವಿನ ಚಲನೆ ಕಡಿಮೆ ಅನ್ನಿಸಿದರೂ ಬೆಳಗಾಗಲಿ ಎಂದು ಕಾಯಬೇಡಿ.

---

ಗೋಡೆಯಾಸರೆ ಮತ್ತೆ:

ಬಿಟ್ಟುಹೋದ ಕೆಲವು. ಮಲಗಿದಲ್ಲಿಂದ ಏಳುವಾಗ ಹೊಟ್ಟೆಯ ನಡುಗೆರೆ ಡೇರೆಯ ಹಾಗೆ ಉಬ್ಬಿ ನಿಲ್ಲುತ್ತದೆಯೇ ನೋಡಿಕೊಳ್ಳಿ. ಉಬ್ಬಿದರೆ ಹೊಟ್ಟೆಯ ಸ್ನಾಯುಗಳು ನಡುವೆ ಅಗಲುತ್ತಿವೆ ಎಂದರ್ಥ; ಯಾವ ಚಲನೆಯಲ್ಲಿ ಅದು ಕಾಣುತ್ತದೋ ಆ ಚಲನೆ ಬಿಡಬೇಕು. ಏಳುವುದು ಯಾವಾಗಲೂ ಮಗ್ಗುಲಿಗೆ ಹೊರಳಿ, ಕೈಯೂರಿ.

ಮುಂದಿನ ತಿಂಗಳುಗಳಲ್ಲಿ ಕೈ ಊದಿ ಮಣಿಕಟ್ಟು ಜೋಮು ಹಿಡಿದರೆ ಮಾರ್ಜಾಲಾಸನವನ್ನು ಮುಷ್ಟಿ ಊರಿ, ಇಲ್ಲವೇ ಮುಂಗೈ ಪೂರ್ತಿ ದಿಂಬಿನ ಮೇಲಿಟ್ಟು ಮಾಡಿ. ಕೋಣೆ ಬಿಸಿಯಾಗಿರಬಾರದು, ಹೀಟರ್ ಹಾಕಿ ಮಾಡಿಸುವ ತರಗತಿ ಬಸಿರಿಗಲ್ಲ. ಊಟವಾಗಿ 2 ಗಂಟೆ ಬಿಡಿ, ಆದರೆ ಪೂರ್ತಿ ಖಾಲಿ ಹೊಟ್ಟೆಯೂ ಬೇಡ.

---

ಸೊಂಟಸಂದು ಮತ್ತೆ:

ಸೊಂಟದ ತಳದ ಸ್ನಾಯುವಿನ ಬಗ್ಗೆ ಒಂದು ಮಾತು. ಮೂತ್ರ ಮತ್ತು ಗಾಳಿ ಎರಡನ್ನೂ ತಡೆಯುವ ಹಾಗೆ ಒಳಕ್ಕೆ, ಮೇಲಕ್ಕೆ ಎಳೆದು 5 ಸೆಕೆಂಡ್ ಹಿಡಿಯಿರಿ, ಉಸಿರು ಕಟ್ಟಬೇಡಿ, ನಂತರ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. 8 ಸಲ, ದಿನಕ್ಕೆ 3 ಬಾರಿ. ಮೂತ್ರ ಮಾಡುವಾಗಲೇ ತಡೆದು ಅಭ್ಯಾಸ ಮಾಡಬಾರದು, ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಮೂಲಬಂಧ ಕಲಿತವರು ಹಿಡಿಯುವುದನ್ನು ಚೆನ್ನಾಗಿ ಮಾಡುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ಮಗು ಹೊರಬರುವಾಗ ಬೇಕಿರುವುದು ಬಿಡುವುದು. 34 ವಾರದ ನಂತರ ಮಂಡಿ ಅಗಲಿಸಿ ದಿಂಬಿನ ಮೇಲೆ ಒರಗಿದ ಬಾಲಾಸನದಲ್ಲಿ, ದವಡೆ ಸಡಿಲಿಸಿ, ಉಸಿರು ಒಳಗೆ ಹೋಗುವಾಗ ಆ ತಳ ಕೆಳಕ್ಕೆ ಇಳಿಯುವುದನ್ನು ಗಮನಿಸುತ್ತಾ 10 ಉಸಿರು ಇರಿ.

ಮಗು ತಲೆ ಮೇಲಾಗಿದ್ದರೆ ಆಳವಾದ ಮಾಲಾಸನ ಬೇಡ ಎಂದು ಹೆಚ್ಚಿನ ಶಿಕ್ಷಕರು ಹೇಳುತ್ತಾರೆ. ಆಸನದಿಂದ ಮಗು ತಿರುಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಿ ದಿನ ಕಳೆಯಬೇಡಿ. ಹೊರಗಿನಿಂದ ಕೈಯಲ್ಲಿ ತಿರುಗಿಸುವ ವಿಧಾನ ವೈದ್ಯರಲ್ಲಿದೆ, ಸಾಮಾನ್ಯವಾಗಿ 36–37 ವಾರದ ಹೊತ್ತಿಗೆ. 36ನೇ ವಾರದ ಭೇಟಿಯಲ್ಲಿ ಮಗು ಯಾವ ಕಡೆ ಇದೆ ಎಂದು ನೀವೇ ಬಾಯಿಬಿಟ್ಟು ಕೇಳಿ.