ಥೈರಾಯ್ಡ್ ಮಾತ್ರೆ ಶುರುಮಾಡಿದ ಮೇಲೆ ನಡುರಾತ್ರಿ ಶುಗರ್ 46. ಯಾರಿಗಾದರೂ ಹೀಗಾಗಿದೆಯಾ?

ಕಣದಮನೆ, ನಾಪೋಕ್ಲು:
ನನಗೆ 41 ವರ್ಷ. ಶುಗರ್ ಕಾಯಿಲೆ ಇಲ್ಲ. ಥೈರಾಯ್ಡ್ ಜಾಸ್ತಿಯಾಗಿದೆ, ಗ್ರೇವ್ಸ್ ಕಾಯಿಲೆ ಅಂತ ಹುತ್ತರಿ ಕಳೆದ ವಾರ ಕಾರ್ಬಿಮಜೋಲ್ ಕೊಟ್ಟರು, ದಿನಕ್ಕೆ 30 ಮಿಲಿಗ್ರಾಂ. ಎದೆಬಡಿತ ತಗ್ಗಿತು, ನಿದ್ದೆ ಬಂತು, ಸಮಾಧಾನವಾಗಿದ್ದೆ.

ಆರನೇ ವಾರ ಬೇರೆಯೇ ಶುರುವಾಯಿತು. ರೋಬಸ್ಟಾ ಕೊಯ್ಲು ಜೋರಾಗಿತ್ತು. ಸಂಜೆ ಚೀಲ ಅಳೆದಾದ ಮೇಲೆ ಆಳುಗಳ ಲೆಕ್ಕ ಬರೆಯುವವಳು ನಾನು. ಅವತ್ತು ನಾನೇ ಬರೆದ ಅಂಕಿ ನನಗೇ ಓದಲಾಗಲಿಲ್ಲ, ಏಳು ಅನ್ನುವುದೆಲ್ಲ ಗೆರೆ ದಾಟಿ ಕೆಳಗಿಳಿದಿತ್ತು. ಕತ್ತಿನ ಹಿಂದೆ ಬೆವರು. ಒಂದು ಗಂಟೆಗೆ ಹೊಟ್ಟೆ ತುಂಬ ಅನ್ನ ಉಂಡವಳಿಗೆ ಐದಕ್ಕೆ ಕೈ ನಡುಗುವಷ್ಟು ಹಸಿವು. ಡಾಕ್ಟರಿಗೆ ಫೋನ್ ಮಾಡಿದರೆ, "ಥೈರಾಯ್ಡ್ ಇನ್ನೂ ಹತೋಟಿಗೆ ಬಂದಿಲ್ಲ, ಅದರದೇ ಲಕ್ಷಣ" ಅಂದರು. ನಂಬಿದೆ. ಆದರೆ ಮೊದಲು ಬರುತ್ತಿದ್ದದ್ದು ಸೆಕೆಯ ಬೆವರು. ಇದು ತಣ್ಣಗಿತ್ತು.

ಕಳೆದ ಗುರುವಾರ ರಾತ್ರಿ ಒಂಬತ್ತಕ್ಕೆ ಕಡಂಬುಟ್ಟು ತಿಂದು ಮಲಗಿದೆ. ಒಂದೂವರೆಗೆ ನಾನು ಎದ್ದು ಬೀರುವಿನ ಬಾಗಿಲು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದೆನಂತೆ. ನನಗೆ ನೆನಪಿಲ್ಲ. ನಮ್ಮತ್ತೆ ಅವರ ಶುಗರ್ ಮಿಷನ್ ತಂದು ಬೆರಳು ಚುಚ್ಚಿದರು. 46. ಮಿಷನ್ ಕೆಟ್ಟಿರಬೇಕು ಅಂತ ಇನ್ನೊಂದು ಬೆರಳು: 44. ಅತ್ತೆಯದು ನೋಡಿದರೆ 168. ಬೆಲ್ಲದ ಕಾಫಿ ಕುಡಿಸಿದರು, ಅರ್ಧ ಗಂಟೆಯಲ್ಲಿ ಮನುಷ್ಯಳಾದೆ. ಈ ಮಾತ್ರೆಯಿಂದ ಹೀಗಾಗುತ್ತದಾ?

ಸ್ಟಾಫ್ ನರ್ಸ್, ವಿರಾಜಪೇಟೆ:
ಅಕ್ಕ, ಮೊದಲು ಒಂದು ನೋಡಿ. ಅತ್ತೆಯವರ ಶುಗರ್ ಮಾತ್ರೆ, ನಿಮ್ಮ ಮಾತ್ರೆ ಒಂದೇ ಡಬ್ಬಿಯಲ್ಲಿ ಇವೆಯಾ? ಗ್ಲಿಮೆಪಿರೈಡ್ ಅದಲುಬದಲಾದರೂ ಹೀಗೇ ಆಗುತ್ತದೆ. ಇನ್ನು ಮುಂದೆ 70ಕ್ಕಿಂತ ಕೆಳಗಿಳಿದರೆ ಕಾಫಿ ಕಾಯಿಸುತ್ತಾ ನಿಲ್ಲಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ನುಂಗಲಾಗದಷ್ಟು ಮಂಕಾದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯವರಿಗೆ ಹೇಳಿಡಿ.

ಕಣದಮನೆ, ನಾಪೋಕ್ಲು:
ಇಲ್ಲ ತಂಗಿ, ಅವರದು ದೇವರಕೋಣೆ ಪಕ್ಕದ ಗೂಡಿನಲ್ಲಿರುತ್ತದೆ. ಸ್ಟ್ರಿಪ್ ಎಣಿಸಿದೆ, ಒಂದೂ ಕಮ್ಮಿಯಿಲ್ಲ.

ನಿವೃತ್ತ ವೈದ್ಯ, ಕುಶಾಲನಗರ:
ಆಗುತ್ತದಮ್ಮ. ಬಹಳ ಅಪರೂಪ, ಆದರೆ ನೀವು ಹೇಳಿದ ಆರನೇ ವಾರ ಅದಕ್ಕೆ ಸರಿಯಾಗಿ ಹೊಂದುತ್ತದೆ. ಕಾರ್ಬಿಮಜೋಲ್ ಮೈಯೊಳಗೆ ಮೆಥಿಮಜೋಲ್ ಆಗುತ್ತದೆ. ಅದರಲ್ಲಿರುವ ಗಂಧಕದ ಅಂಶದಿಂದ ಕೆಲವರ ಮೈ ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಹುಟ್ಟಿಸಿಬಿಡುತ್ತದೆ. ಊಟವಾದಾಗ ಬಂದ ಇನ್ಸುಲಿನ್ನನ್ನು ಈ ಪ್ರತಿಕಾಯಗಳು ಹಿಡಿದಿಟ್ಟುಕೊಳ್ಳುತ್ತವೆ. ಶುಗರ್ ಇಳಿಯಲಿಲ್ಲವೆಂದು ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಮೂರು ನಾಲ್ಕು ಗಂಟೆ ಕಳೆದು, ಹೊಟ್ಟೆ ಖಾಲಿಯಾದ ಹೊತ್ತಿಗೆ ಹಿಡಿದದ್ದು ಬಿಡುಗಡೆಯಾಗುತ್ತದೆ. ನಿಮಗೆ ಸಂಜೆ ಐದು, ರಾತ್ರಿ ಒಂದೂವರೆ ಆಗಿದ್ದು ಅದಕ್ಕೇ. 1970ರಲ್ಲಿ ಜಪಾನಿನ ಹಿರಾಟ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು.

ಇವತ್ತೇ ನಿಮ್ಮ ಡಾಕ್ಟರಿಗೆ 46 ಅನ್ನುವ ಸಂಖ್ಯೆ ಹೇಳಿ. "ಬೆವರು, ನಡುಕ" ಅಂದರೆ ಯಾರಿಗಾದರೂ ಥೈರಾಯ್ಡ್ ಎಂದೇ ಅನ್ನಿಸುತ್ತದೆ. ಶುಗರ್ ಇಳಿದಿರುವಾಗಲೇ ರಕ್ತ ತೆಗೆದು ಗ್ಲೂಕೋಸ್, ಇನ್ಸುಲಿನ್, ಸಿ-ಪೆಪ್ಟೈಡ್ (ಮೈ ತಾನೇ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೆ ಹೊರಬರುವ ಅಂಶ) ಒಟ್ಟಿಗೆ ನೋಡಬೇಕು, ಜೊತೆಗೆ ಇನ್ಸುಲಿನ್ ಪ್ರತಿಕಾಯ. ಪ್ರತಿಕಾಯ ನೋಡದೆ ಬರೀ ಇನ್ಸುಲಿನ್ ಹೆಚ್ಚಿದೆಯೆಂದು ಮೇದೋಜೀರಕ ಗ್ರಂಥಿಯಲ್ಲಿ ಗೆಡ್ಡೆ ಹುಡುಕಿ, ಆಪರೇಷನ್‌ವರೆಗೆ ಹೋದವರೂ ಇದ್ದಾರೆ. ಮಾತ್ರೆ ನಿಲ್ಲಿಸುವುದನ್ನು ಅವರಿಂದಲೇ ಹೇಳಿಸಿಕೊಳ್ಳಿ, ಥೈರಾಯ್ಡಿಗೆ ಬದಲಿ ದಾರಿ ಬೇಕಲ್ಲ.

ಅಪ್ಪನ ಮಗ, ಸೋಮವಾರಪೇಟೆ:
ನಮ್ಮಪ್ಪನಿಗೆ ಥೈರಾಯ್ಡೇ ಇಲ್ಲ. ಪಾದ ಉರಿ ಅಂತ ಆಲ್ಫಾ ಲಿಪೋಯಿಕ್ ಆಸಿಡ್ ಇರುವ ವಿಟಮಿನ್ ಮಾತ್ರೆ ನುಂಗುತ್ತಿದ್ದರು, ಇದೇ ಕಾಯಿಲೆ ಬಂತು. ಅದರಲ್ಲೂ ಗಂಧಕವಿದೆಯಂತೆ. ಅದನ್ನು ವಿಟಮಿನ್ ಅಂತ ಮೆಡಿಕಲ್‌ನಲ್ಲಿ ಹಾಗೇ ಕೊಡುತ್ತಾರೆ, ಡಾಕ್ಟರ್ ಕೇಳಿದಾಗ ನಾವು ಹೇಳಲೇ ಇಲ್ಲ. ಅಕ್ಕ, ನೀವೂ ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಹೇಳಿಬಿಡಿ.

ಕಣದಮನೆ, ನಾಪೋಕ್ಲು:
ಮೈಸೂರಿಗೆ ಹೋಗಿ ಬಂದೆವು. ಇನ್ಸುಲಿನ್ 1000 ದಾಟಿದೆ, ಪ್ರತಿಕಾಯ ಪಾಸಿಟಿವ್. ಹಾಳೆ ನೋಡಿದ ಡಾಕ್ಟರ್ ಎರಡು ಸಲ ನನ್ನ ಮುಖ ನೋಡಿ, "ನೀವು ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲ ತಾನೆ?" ಅಂತ ಕೇಳಿದರು. ಕಾರ್ಬಿಮಜೋಲ್ ನಿಲ್ಲಿಸಿದ್ದಾರೆ, ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಯೋಚನೆ ನಡೆದಿದೆ. ಪ್ರತಿಕಾಯ ಇಳಿಯಲು ಕೆಲವು ತಿಂಗಳು ಬೇಕಂತೆ. ಅಲ್ಲಿಯವರೆಗೆ ಅನ್ನ, ಸಿಹಿ ಕಮ್ಮಿ. ಒಂದೇ ಸಲ ಹೊಟ್ಟೆ ತುಂಬ ಉಣ್ಣದೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು. ರಾತ್ರಿ ಒಂದು ಗಂಟೆಗೆ ಅಲಾರಂ ಇಟ್ಟಿದ್ದೇವೆ, ಆದರೆ ಅದು ಹೊಡೆಯುವ ಮೊದಲೇ ಅತ್ತೆ ಮಿಷನ್ ಹಿಡಿದು ಬಂದು ಕೂತಿರುತ್ತಾರೆ. ನಿನ್ನೆ 81 ಇತ್ತು.