ಫೋನ್ ನಮ್ಮ ತಲೆಯೊಳಗೆ ಏನು ತುಂಬುತ್ತಿದೆ? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಉತ್ತರ ಕೊಡುವವರು ಪುಣೆಯ ಹಿಂಜವಡಿಯಲ್ಲಿ ರೆಕಮೆಂಡೇಶನ್ ಸಾಫ್ಟ್‌ವೇರ್ (ಯಾರಿಗೆ ಮುಂದೆ ಏನು ತೋರಿಸಬೇಕು ಅಂತ ಆರಿಸುವ ಪ್ರೋಗ್ರಾಂ) ಬರೆಯುವ ನಮ್ಮ ಸದಸ್ಯೆ. ನಿಮ್ಮ ಊರಿನ ಹೆಸರು ಹಾಕಿ ಕೇಳಿ.

ಠಾಣೆ: ಅಕ್ಕ, ಮನೆಯಲ್ಲಿ ಫ್ರಿಜ್ ಮಾತೆತ್ತಿದರೆ ಸಾಕು, ಫ್ರಿಜ್ ಜಾಹೀರಾತು ಬರುತ್ತದೆ. ಫೋನ್ ಕದ್ದು ಕೇಳುತ್ತದಾ?
ಉತ್ತರ: ಕದ್ದು ಕೇಳುವ ಅಗತ್ಯವೇ ಇಲ್ಲ. ನೀವು ಹುಡುಕಿದ್ದು, ಕೊಂಡಿದ್ದು, ಓಡಾಡಿದ್ದು ಗೊತ್ತಿದ್ದರೆ ಸಾಕು.

ಡೊಂಬಿವಲಿ: ನಮ್ಮ ಮಾವನವರಿಗೆ 71. ಮೊದಲು ಫೋನಿನಲ್ಲಿ ದಾಸರ ಪದ ಕೇಳುತ್ತಿದ್ದರು. ಮಂಡಿನೋವಿಗೆ ಅಂತ ಒಂದು ಮನೆಮದ್ದಿನ ವಿಡಿಯೊ ನೋಡಿದರು, ಆಮೇಲೆ ಬರೀ 'ಡಾಕ್ಟರ್‌ಗಳು ಮುಚ್ಚಿಟ್ಟ ಸತ್ಯ'. ಈಗ ಬಿಪಿ ಮಾತ್ರೆ ಬಿಟ್ಟಿದ್ದಾರೆ.
ಉತ್ತರ: ಓದಿ ಭಯವಾಯಿತು. ಇವತ್ತೇ ಅವರ ಡಾಕ್ಟರಿಗೆ ತೋರಿಸಿ, ಫೋನಿನ ವಿಷಯ ಆಮೇಲೆ. ನೋಡಿ, ವಿಡಿಯೊ ಆರಿಸಿಕೊಡುವ ಈ ಯಂತ್ರಕ್ಕೆ ನಿಜ ಸುಳ್ಳು ಗೊತ್ತಿಲ್ಲ, ಯಾವುದನ್ನು ಎಷ್ಟು ಹೊತ್ತು ನೋಡಿದರು ಅನ್ನೋದು ಗೊತ್ತು. ಅದೇ ವಿಡಿಯೊ ನೋಡಿದ ಬೇರೆಯವರು ಮುಂದೆ ಏನು ನೋಡಿದರೋ ಅದನ್ನೇ ಇವರ ಮುಂದೂ ಇಡುತ್ತದೆ. ಹೆದರಿಸುವ ವಿಡಿಯೊ ಬಿಟ್ಟು ಏಳೋದು ಕಷ್ಟ, ಹಾಗಾಗಿ ಅಂಥದ್ದೇ ಜಾಸ್ತಿ ಬರುತ್ತದೆ. ಹತ್ತು ಜನ ಒಂದೇ ಮಾತು ಹೇಳಿದರೆ ಯಾರಾದರೂ ನಂಬುತ್ತಾರೆ, ಅಲ್ವಾ? ಅವರನ್ನು ಬೈಯಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ಜೊತೆಗೆ ಕೂತು ಹಿಸ್ಟರಿಯಿಂದ ಆ ವಿಡಿಯೊಗಳನ್ನು ಅಳಿಸಿ, ಆಟೊಪ್ಲೇ ಆಫ್ ಮಾಡಿ, ಮತ್ತೆ ದಾಸರ ಪದ ಹಾಕಿಕೊಡಿ.

ಪಿಂಪ್ರಿ: ಫೋನಿನ ಕ್ಯಾಶ್ (ಆ್ಯಪ್ ಫೋನಿನಲ್ಲಿ ಉಳಿಸಿಕೊಂಡ ತಾತ್ಕಾಲಿಕ ಡೇಟಾ) ಕ್ಲಿಯರ್ ಮಾಡಿದರೆ ಅಲ್ಗಾರಿದಮ್, ಅಂದರೆ ಈ ಆರಿಸುವ ಯಂತ್ರ, ಎಲ್ಲ ಮರೆಯುತ್ತದೆ ಅಂತ ಫಾರ್ವರ್ಡ್ ಬಂದಿದೆ.
ಉತ್ತರ: ಇಲ್ಲ. ನೀವು ಏನೇನು ನೋಡಿದಿರಿ ಅನ್ನೋ ಲೆಕ್ಕ ಇರೋದು ಕಂಪನಿಯ ಸರ್ವರಿನಲ್ಲಿ.

ವಾಶಿ: ಮೂರು ಕೆಂಪು ಟಿಕ್ ಬಂದರೆ ಸರ್ಕಾರ ಓದಿದೆ ಅಂತೆ. ಎಲ್ಲರಿಗೂ ಕಳಿಸಲಾ?
ಉತ್ತರ: ವಾಟ್ಸಾಪಿನಲ್ಲಿ ಕೆಂಪು ಟಿಕ್ಕೇ ಇಲ್ಲ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮೀರಾ ರೋಡ್: ಮಗ ರಾತ್ರಿ ಎರಡರವರೆಗೆ ರೀಲ್ಸ್ ನೋಡುತ್ತಾನೆ. ಬಿಡಿಸೋದು ಹೇಗೆ?

ಮಾಟುಂಗಾ: ವಯಸ್ಸಾದವರು ಇಂಥ ಬಲೆಗೆ ಬೀಳುತ್ತಾರೆ. ನಾನಂತೂ ಬೇಕಾದ್ದನ್ನೇ ಹುಡುಕಿ ನೋಡುತ್ತೇನೆ.
ಕೋಥ್ರೂಡ್: ಚುನಾವಣೆ ಹೊತ್ತಿಗೆ ದಿನಕ್ಕೆ ಹತ್ತು ಫಾರ್ವರ್ಡ್ ಹಾಕಿದ್ದು ಯಾರು ಮತ್ತೆ?
ಮಾಟುಂಗಾ: ಅದು ನಿಜವಾದ ಸುದ್ದಿ. ನಿಮ್ಮ ಪಕ್ಷದ್ದಲ್ಲ ಅಂತ ನಿಮಗೆ ಉರಿ.
ಉತ್ತರ: ಜನ ನೋಡುವ ಹೊತ್ತಿನಲ್ಲಿ 70%ಕ್ಕೂ ಜಾಸ್ತಿ ತಮ್ಮ ಯಂತ್ರ ಮುಂದಿಡುವ ಸಲಹೆಗಳಿಂದ ಬರುತ್ತದೆ ಅಂತ 2018ರಲ್ಲಿ ಯೂಟ್ಯೂಬಿನವರೇ ಹೇಳಿದ್ದಾರೆ. 2012ರಲ್ಲಿ ಫೇಸ್‌ಬುಕ್ ಸುಮಾರು 6.89 ಲಕ್ಷ ಜನರ ಫೀಡ್ (ತೆರೆದಾಗ ಕಾಣುವ ಪೋಸ್ಟ್‌ಗಳ ಸಾಲು) ಬದಲಿಸಿ ಪರೀಕ್ಷೆ ಮಾಡಿತು. ಖುಷಿಯ ಪೋಸ್ಟ್ ಕಡಿಮೆ ಕಂಡವರು ತಾವೂ ಖುಷಿಯ ಮಾತು ಕಡಿಮೆ ಬರೆದರು. ವ್ಯತ್ಯಾಸ ತೀರಾ ಸಣ್ಣದು, ಆದರೆ ಪರೀಕ್ಷೆ ನಡೆಯುತ್ತಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.
ಮಾಟುಂಗಾ: ನೀವೂ ಅವರ ಕಡೆಯವರು ಅಂತ ಗೊತ್ತಾಯಿತು ಬಿಡಿ.
ಕೋಥ್ರೂಡ್: ಉತ್ತರ ಇಲ್ಲದಾಗ ಹೀಗೇ.

ಕಲ್ಯಾಣ್: ಫೋನ್ ನಮ್ಮ ಮಾತು ಕೇಳುತ್ತದಾ ಮೇಡಂ?
ಉತ್ತರ: ಮೇಲೆ ಓದಿ.

ಮೀರಾ ರೋಡ್: ನನ್ನ ಪ್ರಶ್ನೆ?

ಡೊಂಬಿವಲಿ: ಅಕ್ಕ, ಡಾಕ್ಟರ್ ಹತ್ತಿರ ಬರೋದಿಲ್ಲ ಅಂತ ಹಟ ಹಿಡಿದಿದ್ದಾರೆ.
ಉತ್ತರ: ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ, ಈಗಲೇ ನಾನೇ ಮಾತಾಡುತ್ತೇನೆ. ಉಳಿದವರು ಸ್ವಲ್ಪ ಹೊತ್ತು ಸುಮ್ನಿರಿ.