ಬರೀ ‘ಪ್ರಥಮ ದರ್ಜೆ’ಯ ವಿಮಾನ ಸಂಸ್ಥೆಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಸಾಮಾನ್ಯ ದರ್ಜೆಯ ಸೀಟುಗಳನ್ನೇ ಇಡದೆ, ಇಡೀ ವಿಮಾನವನ್ನು ದುಬಾರಿ ಟಿಕೆಟ್ಟಿನ ಪ್ರಯಾಣಿಕರಿಗಷ್ಟೇ ಮೀಸಲಿಟ್ಟ ಸಂಸ್ಥೆಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಪ್ರಥಮ ದರ್ಜೆ ವಿಮಾನ ಸಂಸ್ಥೆ’ ಎಂದು ಬರೆದು ನಮ್ಮ ತಾಯಿಯವರಿಗೆ ಓದಿ ಹೇಳಿದೆ. ‘ಅಷ್ಟು ಒಳ್ಳೆಯ ಕಂಪನಿ ಯಾಕಪ್ಪಾ ಮುಚ್ಚಿಹೋಯಿತು?’ ಎಂದರು. ಅವರು ಅರ್ಥಮಾಡಿಕೊಂಡದ್ದರಲ್ಲಿ ತಪ್ಪಿಲ್ಲ. ನಮ್ಮ ಮಾತಿನಲ್ಲಿ ಊಟವೂ ಪ್ರಥಮ ದರ್ಜೆಯದಾಗಿರಬಹುದು. ಸರ್ಕಾರಿ ಪದವಿ ಕಾಲೇಜಿನ ಫಲಕದ ಮೇಲೂ, ‘ಪ್ರಥಮ ದರ್ಜೆ ಸಹಾಯಕ’ ಎಂಬ ಹುದ್ದೆಯಲ್ಲೂ ಅದೇ ಪದವಿದೆ. ರೈಲಿನಲ್ಲಿ ಅದು ಸೀಟಿಗೆ ಸಂಬಂಧಿಸಿದ ಮಾತು, ಆದರೆ ಅಲ್ಲಿ ದ್ವಿತೀಯ ದರ್ಜೆಯ ಬೋಗಿಯೂ ಇರುವುದರಿಂದ ಅರ್ಥ ಕೆಡುವುದಿಲ್ಲ. ಎರಡನೆಯದೇ ಇಲ್ಲದ ವಿಮಾನದಲ್ಲಿ ಪ್ರಥಮ ಎಂದರೆ ಯಾವುದಕ್ಕೆ ಪ್ರಥಮ?

‘ಏಕದರ್ಜೆ’ ಎಂಬ ಸಲಹೆ ಬಂದಿತ್ತು. ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ ಏರ್ ಡೆಕ್ಕನ್ ಏಕದರ್ಜೆಯದೇ, 2005ರಲ್ಲಿ ಹಾರಾಟ ಆರಂಭಿಸಿದ ಚೆನ್ನೈನ ಪ್ಯಾರಾಮೌಂಟ್ ಕೂಡ ಏಕದರ್ಜೆಯದೇ. ಒಂದರಲ್ಲಿ ಎಲ್ಲವೂ ಅಗ್ಗದ ಸೀಟು, ಇನ್ನೊಂದರಲ್ಲಿ ಎಲ್ಲವೂ ಬಿಸಿನೆಸ್ ಕ್ಲಾಸ್. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಪದ ನನ್ನ ಲೇಖನಕ್ಕೆ ಒದಗದು. ‘ವಾಣಿಜ್ಯ ದರ್ಜೆ’ಯಂತೂ ಬೇಡ, ಹಣ ಪಡೆದು ಜನರನ್ನೋ ಸರಕನ್ನೋ ಒಯ್ಯುವ ವಿಮಾನವನ್ನೆಲ್ಲ ನಾವು ವಾಣಿಜ್ಯ ವಿಮಾನವೆನ್ನುತ್ತೇವೆ. ಶಾಲೆಯನ್ನೋ ಆಸ್ಪತ್ರೆಯನ್ನೋ ‘ಮೇಲ್ದರ್ಜೆಗೇರಿಸುವ’ ಮಾತು ದಿನವೂ ಪತ್ರಿಕೆಯಲ್ಲಿ ಬರುವುದರಿಂದ ನನ್ನ ಒಲವು ‘ಬರೀ ಮೇಲ್ದರ್ಜೆಯ ವಿಮಾನ ಸಂಸ್ಥೆ’ ಎಂಬುದರ ಕಡೆಗಿದೆ. ಈ ಸಂಸ್ಥೆಗಳಲ್ಲಿ ಹೆಚ್ಚಿನವು ಮಾರಿದ್ದು ಫಸ್ಟ್ ಕ್ಲಾಸನ್ನಲ್ಲ, ಬಿಸಿನೆಸ್ ಕ್ಲಾಸನ್ನು. ಮೇಲ್ದರ್ಜೆ ಎರಡಕ್ಕೂ ಸಲ್ಲುತ್ತದೆ.

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಈ ಸಂಸ್ಥೆಗಳಿಗೆ ಕೊನೆಗೆ ಏನಾಯಿತೆಂದು ಹೇಳುವ ಕ್ರಿಯಾಪದ. ಲಂಡನ್ ಮತ್ತು ಅಮೆರಿಕದ ನಡುವೆ ಹಾರುತ್ತಿದ್ದ ಈಯೊಸ್ ಎಂಬ ಸಂಸ್ಥೆ, ಸುಮಾರು 200 ಜನ ಕೂರಬಹುದಾದ ಬೋಯಿಂಗ್ 757ರಲ್ಲಿ ಕೇವಲ 48 ಸೀಟುಗಳನ್ನಿಟ್ಟಿತ್ತು. ಹಾಗೆ ಮಾಡಿದಾಗ ಒಂದೊಂದು ಖಾಲಿ ಸೀಟೂ ದೊಡ್ಡ ನಷ್ಟವಾಗುತ್ತದೆ, ಏಕೆಂದರೆ ಇಂಧನದ ಖರ್ಚನ್ನು ಹಂಚಿಕೊಳ್ಳಲು ಹಿಂದಿನ ಸಾಲುಗಳಲ್ಲಿ ಅಗ್ಗದ ಟಿಕೆಟ್ಟಿನವರು ಯಾರೂ ಇರುವುದಿಲ್ಲ. ಸಭೆ ತಡವಾದ ಉದ್ಯಮಿಗೆ ದೊಡ್ಡ ಸಂಸ್ಥೆಯಲ್ಲಾದರೆ ಅದೇ ಸಂಜೆ ಇನ್ನೊಂದು ವಿಮಾನ ಸಿಗುತ್ತದೆ. ಬೆರಳೆಣಿಕೆಯ ವಿಮಾನಗಳಿದ್ದ ಈ ಸಂಸ್ಥೆಗಳು ಆ ಅನುಕೂಲವನ್ನು ಕೊಡಲಾರದೆ ಹೋದವು, ಸೋಲಿಗೆ ಇದೇ ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ. ಅಷ್ಟರಲ್ಲಿ ತೈಲದ ಬೆಲೆಯೂ ಏರಿತು. ಇದೇ ಬಗೆಯ ಸಂಸ್ಥೆಗಳಾದ ಮ್ಯಾಕ್ಸ್‌ಜೆಟ್ 2007ರ ಡಿಸೆಂಬರಿನಲ್ಲಿ, ಈಯೊಸ್ 2008ರ ಏಪ್ರಿಲ್‌ನಲ್ಲಿ, ಸಿಲ್ವರ್‌ಜೆಟ್ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ‘ಯಶಸ್ವಿಯಾಗಲಿಲ್ಲ’ ಎಂದು ಬರೆದರೆ ಪರೀಕ್ಷೆಯ ಫಲಿತಾಂಶದಂತೆ ಕೇಳುತ್ತದೆ. ಆರಂಭದಲ್ಲಿ ಗಿರಾಕಿಗಳು ಬಂದು ‘ವ್ಯಾಪಾರ ಕುದುರಿತು’, ಆದರೆ ‘ಕೈಹಿಡಿಯಲಿಲ್ಲ’ ಎಂದರೆ ನಡೆದದ್ದು ಸರಿಯಾಗಿ ತಿಳಿಯುತ್ತದೆ. ಕುದುರುವುದಕ್ಕೂ ಕೈಹಿಡಿಯುವುದಕ್ಕೂ ನಿಮ್ಮ ಕಡೆಯ ಬಳಕೆಯಲ್ಲಿ ಇದೇ ವ್ಯತ್ಯಾಸವಿದೆಯೇ?

2014ರಿಂದ ಪ್ಯಾರಿಸ್ ಮತ್ತು ನ್ಯೂಯಾರ್ಕ್ ಕಡೆಯ ನ್ಯೂಅರ್ಕ್ ನಡುವೆ ಹಾರುತ್ತ ಬಂದಿರುವ ‘ಲಾ ಕಂಪನಿ’ (La Compagnie) ಎಂಬ ಫ್ರೆಂಚ್ ಸಂಸ್ಥೆಗೆ ‘ನೆಲೆ ನಿಂತಿದೆ’ ಎನ್ನಬಹುದೇನೋ. ಅದೇ ದಾರಿಯಲ್ಲಿ 2007ರಲ್ಲಿ ಆರಂಭವಾದ ಲಾವಿಯೋನ್‌ಗೆ ಮಾತ್ರ ಪದ ಸಿಗುತ್ತಿಲ್ಲ. ಮರುವರ್ಷವೇ ಬ್ರಿಟಿಷ್ ಏರ್‌ವೇಸ್ ಅದನ್ನು ಕೊಂಡುಕೊಂಡಿತು. ಹೂಡಿದವರಿಗೆ ಹಣ ಬಂತು, ಸಂಸ್ಥೆಯ ಹೆಸರು ಉಳಿಯಲಿಲ್ಲ. ‘ಕೈಬದಲಾಯಿತು’ ಎಂದರೆ ಹೆಸರು ಅಳಿದದ್ದು ತಿಳಿಯುವುದಿಲ್ಲ, ‘ಮುಳುಗಿತು’ ಎಂದರೆ ಸುಳ್ಳಾಗುತ್ತದೆ. ಅಂಗಡಿ, ಗಿರಣಿ, ಬಸ್ ಕಂಪನಿಗಳು ಹೀಗೆ ದೊಡ್ಡವರ ಪಾಲಾದಾಗ ನಿಮ್ಮ ಊರಿನಲ್ಲಿ ಯಾವ ಮಾತು ಬಳಸುತ್ತಾರೆ ಎಂಬುದನ್ನು, ಸಾಧ್ಯವಾದರೆ ಆಡುವ ವಾಕ್ಯದ ಸಮೇತ, ದಯವಿಟ್ಟು ತಿಳಿಸಿ.